ಹೃದಯದ ಶಸ್ತ್ರಕ್ರಿಯೆಯೂ ಮನಸ್ಸಿನ ವಿಷಾದವೂ

ಹೃದಯಕ್ಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವರು ನಮ್ಮ ಜಾಲಹಳ್ಳಿಯಂಥ ಊರುಗಳಲ್ಲಿಯೂ ಈಗ ಅಪರೂಪವಲ್ಲ. ಒಂದು ತಲೆಮಾರಿನ ಹಿಂದೆ, ಎದೆಯನ್ನು ಸೀಳಿ ಹೃದಯವನ್ನು ದುರಸ್ತಿಮಾಡುವರೆಂದು ಯಾರಾದರೂ ಹೇಳಿದರೆ ಕಟ್ಟೆಯ ಮೇಲಿನ ಜನರು ಅದನ್ನು ಪುರಾಣದ ಕಥೆಯಂತೆ ಕೇಳುತ್ತಿದ್ದರು. ಈಗಲಾದರೋ ರಂಗನಾಥಸ್ವಾಮಿಯ ಜಾತ್ರೆಯ ಬಿಸಿಲಿಗೆ ಅಂಗಿಯ ಗುಂಡಿ ಬಿಚ್ಚಿ ನೆರಳಿನಲ್ಲಿ ಕುಳಿತ ಹಿರಿಯರ ಗುಂಪಿನಲ್ಲಿ, ಕೊರಳ ಕುಳಿಯಿಂದ ಕೆಳಗಿಳಿದ ಉದ್ದನೆಯ ಗಾಯದ ಗೆರೆಯು ಒಬ್ಬರಲ್ಲದಿದ್ದರೆ ಇನ್ನೊಬ್ಬರ ಎದೆಯ ಮೇಲೆ ಕಾಣುವದುಂಟು.

ಈ ವಿದ್ಯೆಯು ಬಹಳ ಹಳೆಯದಲ್ಲ. ರಕ್ತವನ್ನು ಯಂತ್ರದ ಮೂಲಕ ಹರಿಸಿ, ಅಷ್ಟು ಹೊತ್ತು ಹೃದಯಕ್ಕೆ ಬಿಡುವು ಕೊಟ್ಟು, ಒಳಗಿನ ದೋಷವನ್ನು ಸರಿಪಡಿಸುವ ಕಾರ್ಯವನ್ನು ಅಮೇರಿಕೆಯ ಫಿಲಡೆಲ್ಫಿಯಾ ಪಟ್ಟಣದಲ್ಲಿ ಜಾನ್ ಗಿಬನ್ನರು ೧೯೫೩ನೆಯ ಇಸವಿಯಲ್ಲಿ ಮೊದಲು ಸಾಧಿಸಿದರು. ಕಾಲಿನ ರಕ್ತನಾಳವನ್ನು ತೆಗೆದು ಹೃದಯದ ಮುಚ್ಚಿಹೋದ ಧಮನಿಗೆ ಬಳಸುದಾರಿಯನ್ನು ಕಟ್ಟುವ ‘ಬೈಪಾಸ್’ ಕ್ರಮವನ್ನು ೧೯೬೭ರಲ್ಲಿ ಅರ್ಜೆಂಟೀನಾ ದೇಶದ ರೆನೆ ಫವಲೋರೋ ಎಂಬ ಶಸ್ತ್ರವೈದ್ಯರು ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದರು. ನಮ್ಮ ದೇಶದಲ್ಲಿ ಅದನ್ನು ಮೊದಲು ಮಾಡಿದವರು ಡಾ|| ಕೆ. ಎಂ. ಚೆರಿಯನ್ನರು, ೧೯೭೫ರಲ್ಲಿ, ಮದರಾಸಿನ ಪೆರಂಬೂರಿನ ರೇಲ್ವೆ ದವಾಖಾನೆಯಲ್ಲಿ. ನಮ್ಮ ಸೀಮೆಯ ಬಡವರಿಗೆ ಇಂಥ ಚಿಕಿತ್ಸೆಯು ಕೈಗೆಟುಕಿದ್ದು ೨೦೧೦ರಲ್ಲಿ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆಯು ಗುಲಬರ್ಗಾ ವಿಭಾಗದಲ್ಲಿ ಮೊಟ್ಟಮೊದಲು ಆರಂಭವಾದ ಮೇಲೆ. ೨೦೧೮ರಿಂದೀಚೆಗೆ ‘ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ’ವು ಆ ಕೆಲಸವನ್ನು ಮುಂದುವರಿಸಿದೆ. ೨೦೨೪ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿಯೇ ಜಯದೇವ ಸಂಸ್ಥೆಯ ೩೭೧ ಹಾಸಿಗೆಗಳ ಹೊಸ ಆಸ್ಪತ್ರೆಯು ಪ್ರಾರಂಭವಾಯಿತು. ಬೆಂಗಳೂರಿನ ನಾಲ್ಕುನೂರು ಕಿಲೋಮೀಟರಿಗೂ ಮೇಲ್ಪಟ್ಟ ಪ್ರಯಾಣವು ಕೆಲವರಿಗಾದರೂ ತಪ್ಪಿತು.

ಇಷ್ಟರ ಮಟ್ಟಿಗೆ ಸಂತೋಷವೇ ಸರಿ. ಆದರೆ ದವಾಖಾನೆಯವರು ಹೊಲಿಗೆಯನ್ನು ನೋಡಿ, ಗುಳಿಗೆಗಳ ಚೀಟಿಯನ್ನು ಬರೆದುಕೊಟ್ಟು, ರೋಗಿಯನ್ನು ಮನೆಗೆ ಕಳಿಸಿದ ಮೇಲೆ ಮನೆಯೊಳಗೆ ನಡೆಯುವ ಒಂದು ಸಂಗತಿಯುಂಟು. ಅದನ್ನು ಯಾರೂ ಸಭೆಯಲ್ಲಿ ಹೇಳುವದಿಲ್ಲ. ವೃತ್ತಪತ್ರಿಕೆಯಲ್ಲಿಯೂ ವಿರಳವಾಗಿ ಬರುವದು. ಹೃದಯವು ನೆಟ್ಟಗಾದ ಮನುಷ್ಯನ ಮನಸ್ಸು ಆರಿಹೋಗುವದೇ ಆ ಸಂಗತಿ. ಈ ತಿಂಗಳು ಅದರ ವಿಷಯವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ವೈದ್ಯರು ಇದನ್ನು ‘ಖಿನ್ನತೆ’ ಎಂದು ಕರೆಯುವರು. ಹಿಂದಿನವರ ಶಬ್ದವು ‘ವಿಷಾದ’ವೆಂದು. ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಆಯಾ ಕಾರ್ಯದಲ್ಲಿ ಅಗ್ರಗಣ್ಯವಾದ ಪದಾರ್ಥಗಳ ದೊಡ್ಡದೊಂದು ಪಟ್ಟಿಯಿದೆ. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ಅಗ್ರಸ್ಥಾನವನ್ನು ಅಲ್ಲಿ ಕೊಟ್ಟದ್ದು ಅಪಥ್ಯಕ್ಕಲ್ಲ, ಗಾಳಿಗಲ್ಲ, ವಿಷಾದಕ್ಕೆ. ವಿದ್ಯಾರ್ಥಿದೆಸೆಯಲ್ಲಿ ಈ ಪಟ್ಟಿಯನ್ನು ಓದಿದಾಗ ಇದು ಆಲಂಕಾರಿಕವಾದ ಮಾತೆಂದು ನಾನು ಮುಂದಕ್ಕೆ ಸಾಗಿದ್ದುಂಟು. ಈಗ ಪರದೇಶದ ವೈದ್ಯರು ರೋಗಿಗಳನ್ನು ಎಣಿಸಿ ಲೆಕ್ಕವಿಟ್ಟು ಅದೇ ದಿಕ್ಕಿನ ಮಾತನ್ನು ಹೇಳುತ್ತಿದ್ದಾರೆ. ಅಮೇರಿಕೆಯ ಡ್ಯೂಕ್ ವಿಶ್ವವಿದ್ಯಾಲಯದವರು ಬೈಪಾಸ್ ಮಾಡಿಸಿಕೊಂಡ ೮೧೭ ಜನರನ್ನು ವರ್ಷಾನುವರ್ಷ ಗಮನಿಸಿ ೨೦೦೩ರಲ್ಲಿ ಪ್ರಕಟಿಸಿದ ವರದಿಯಂತೆ, ಶಸ್ತ್ರಕ್ರಿಯೆಗೆ ಮುಂಚೆಯೇ ನೂರಕ್ಕೆ ೨೬ ಜನರಲ್ಲಿ ಸೌಮ್ಯವಾದ, ೧೨ ಜನರಲ್ಲಿ ಅದಕ್ಕಿಂತ ಹೆಚ್ಚಿನ ಖಿನ್ನತೆಯಿದ್ದಿತು. ಈ ಹನ್ನೆರಡರ ಗುಂಪಿನವರಿಗೆ ಮುಂದಿನ ವರ್ಷಗಳಲ್ಲಿ ಮರಣದ ಭಯವು ಖಿನ್ನತೆಯಿಲ್ಲದವರಿಗಿಂತ ಎರಡು ಪಟ್ಟಿಗೂ ಮೀರಿದ್ದಿತು. ಸೌಮ್ಯವಾದದ್ದೂ ಆರು ತಿಂಗಳವರೆಗೆ ಬಿಡದೆ ನಿಂತಲ್ಲಿ ಹಾಗೆಯೇ ಆಯಿತು. ಅದಕ್ಕೂ ಮೊದಲು, ೨೦೦೧ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ ೩೦೯ ರೋಗಿಗಳ ಲೆಕ್ಕವಿದೆ. ದವಾಖಾನೆಯಿಂದ ಹೊರಡುವಾಗ ತೀವ್ರವಾದ ಖಿನ್ನತೆಯಿದ್ದವರಲ್ಲಿ ನೂರಕ್ಕೆ ೨೭ ಜನರಿಗೆ ಒಂದು ವರ್ಷದೊಳಗೆ ಹೃದಯದ ತೊಂದರೆಯು ಮರುಕಳಿಸಿತು. ಇಲ್ಲದವರಲ್ಲಿ ನೂರಕ್ಕೆ ೧೦ ಜನರಿಗೆ ಮಾತ್ರ.

ಆದುದರಿಂದ ಇದು ಮನಸ್ಸಿನ ಚೇಷ್ಟೆಯಲ್ಲ, ಸೋಗಲ್ಲ, ಹೇಡಿತನವಂತೂ ಅಲ್ಲವೇ ಅಲ್ಲ. ಗಾಂಡೀವವು ಕೈಯಿಂದ ಜಾರಿ, ಬಾಯೊಣಗಿ, ಮೈನಡುಗಿ ರಥದಲ್ಲಿ ಕುಸಿದು ಕುಳಿತವನು ಅರ್ಜುನನು, ಅವನನ್ನು ಹೇಡಿಯೆಂದವರಿಲ್ಲ. ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಎರಡನೆಯ ಅಧ್ಯಾಯದ ಆರಂಭದಲ್ಲಿ ಶ್ರೀಕೃಷ್ಣನು ‘ಈ ದೌರ್ಬಲ್ಯವನ್ನು ಬಿಟ್ಟು ಏಳು’ ಎಂಬರ್ಥದ ಮಾತಿನಿಂದ ಗದರಿಸಿದನು. ಅದರಿಂದ ಅರ್ಜುನನು ಎದ್ದನೆ? ಇಲ್ಲ. ಮತ್ತೆ ತನ್ನ ಶೋಕವನ್ನೇ ತೋಡಿಕೊಂಡು, ಯುದ್ಧಮಾಡೆನೆಂದು ಸುಮ್ಮನಾದನು. ಭಗವಂತನ ಗದರಿಕೆಯಿಂದಲೇ ಆಗದ ಕೆಲಸವು, ಬಾಳೆಹಣ್ಣಿನ ಚಿಪ್ಪನ್ನು ಹಿಡಿದು ನೋಡಲು ಬಂದ ಬೀಗರ ‘ಧೈರ್ಯ ತಗೋರಿ’ ಎಂಬ ಎರಡು ಶಬ್ದಗಳಿಂದ ಹೇಗಾಗಬೇಕು?

ಶಸ್ತ್ರಕ್ರಿಯೆಗೆ ಮುಂಚಿನ ಸ್ಥಿತಿಯನ್ನು ಮೊದಲು ನೋಡೋಣ. ಎದೆಯನ್ನು ತೆರೆಯುವರೆಂದರೆ ಭಯವಾಗುವದು ಸ್ವಾಭಾವಿಕವೇ. ಭಯಪಟ್ಟವನು ಹತ್ತು ಸಲ ಕೇಳುವನು, ದೇವರಿಗೆ ಹರಕೆ ಹೊರುವನು, ರಾತ್ರಿ ಹೊರಳಾಡುವನು. ಆದರೂ ಮೊಮ್ಮಗುವು ಬಂದು ತೊಡೆಯೇರಿದರೆ ನಗುವನು. ವಿಷಾದ ಹಿಡಿದವನು ಕೇಳುವದನ್ನೇ ಬಿಡುವನು. ‘ನಿಮಗ ಹ್ಯಾಂಗ ಸರಿ ಕಾಣ್ತದ ಹಂಗ ಮಾಡ್ರಿ’ ಎನ್ನುವನು. ಹೊಲದ ಪಹಣಿಯನ್ನು ಮಗನ ಹೆಸರಿಗೆ ಮಾಡಿಸುವ ಮಾತನ್ನು ತೆಗೆಯುವದು ವಿವೇಕವಾಗಿರಬಹುದು. ಆದರೆ ಅದರ ಹಿಂದೆಯೇ ‘ನನ್ನ ಮ್ಯಾಲೆ ಯಾಕ ರೊಕ್ಕ ಸುರೀತೀರಿ’ ಎಂಬ ಮಾತು ದಿನಾಲು ಬರಹತ್ತಿದರೆ ಕಿವಿಗೊಡಬೇಕು. ಶಸ್ತ್ರಕ್ರಿಯೆಯ ದಿನಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿ ಬಂದಲ್ಲಿ ಈ ಕಾಯುವಿಕೆಯೇ ಮನಸ್ಸನ್ನು ತಿನ್ನುವದು. ಆಗಲೇ ಡಾಕ್ಟರರಿಗೆ ತಿಳಿಸಿದರೆ ಒಳ್ಳೆಯದು. ಏಕೆಂದರೆ ಮುಂಚೆ ಇದ್ದ ವಿಷಾದವು ಶಸ್ತ್ರಕ್ರಿಯೆಯ ನಂತರವೂ ಉಳಿಯುವ ಸಂಭವ ಹೆಚ್ಚು.

ಶಸ್ತ್ರಕ್ರಿಯೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಕೆಲವರಿಗೆ ಬುದ್ಧಿಭ್ರಮೆಯಾಗುವದುಂಟು. ಇಲ್ಲದ್ದು ಕಾಣುವದು, ಹಗಲು ರಾತ್ರಿಯ ಪರಿವೆ ತಪ್ಪುವದು, ನಳಿಗೆಗಳನ್ನು ಕಿತ್ತುಕೊಳ್ಳಹೋಗುವದು, ಇವು ಬೇರೆಯ ಜಾತಿಯವು. ದವಾಖಾನೆಯಲ್ಲಿಯೇ ನೋಡಿಕೊಳ್ಳುವರು, ಬಹುಮಟ್ಟಿಗೆ ಅಲ್ಲಿಯೇ ತಿಳಿಯಾಗುವವು. ಮನೆಗೆ ಬಂದ ಮೇಲಿನ ಮೊದಲ ವಾರಗಳಲ್ಲಿ ಸಣ್ಣ ಮಾತಿಗೂ ಕಣ್ಣೀರು ಬರುವದು, ಸಿಟ್ಟು ಬರುವದು, ನಿದ್ದೆ ಮುರಿಯುವದು ಕೂಡ ಬಹುಜನರಿಗೆ ಆಗುವಂಥದೇ. ಕತ್ತರಿಸಿದ ಎದೆಗೂಡಿನ ಎಲುಬು ಕೂಡಲಿಕ್ಕೆ ಆರರಿಂದ ಎಂಟು ವಾರಗಳು ಬೇಕು. ಅಷ್ಟು ದಿವಸ ಭಾರವೆತ್ತಬಾರದು, ಮೋಟಾರು ಸೈಕಲ್ಲು ಹತ್ತಬಾರದು, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಬೇಕು. ನಿನ್ನೆಯವರೆಗೆ ಮನೆಯ ಯಜಮಾನನಾಗಿದ್ದವನು ತಂಬಿಗೆ ನೀರಿಗೂ ಸೊಸೆಯ ಹಾದಿ ನೋಡುವಂತಾದರೆ ಕಣ್ಣು ತೇವವಾಗದೆ ಇದ್ದೀತೆ? ಇದು ದಿನೇ ದಿನೇ ಕಡಿಮೆಯಾಗುತ್ತ ಹೋದರೆ ಚಿಂತೆಯಿಲ್ಲ.

ಚಿಂತಿಸಬೇಕಾದದ್ದು ಅದು ಕಡಿಮೆಯಾಗದೆ ನಿಂತಾಗ. ವೈದ್ಯರು ಹಾಕಿಕೊಂಡ ಗಡುವು ಎರಡು ವಾರ. ದಿನದ ಬಹುಭಾಗ, ಬಹುತೇಕ ಪ್ರತಿದಿನವೂ, ಎರಡು ವಾರಗಳವರೆಗೆ ಮನಸ್ಸು ಕುಗ್ಗಿದ್ದರೆ, ಅಥವಾ ಮುಂಚೆ ಪ್ರಿಯವಾಗಿದ್ದ ಯಾವದರಲ್ಲಿಯೂ ರುಚಿ ಇಲ್ಲವಾದರೆ, ತಡಮಾಡಬಾರದು. ಇದರ ಜೊತೆಗೆ ನಿದ್ದೆ, ಹಸಿವು, ತ್ರಾಣ, ಗಮನ, ಇವು ಕೆಡುವವು. ‘ನಾನು ಮನೆಗೆ ಭಾರ’ ಎಂಬ ಭಾವನೆ ಬರುವದು. ಇಲ್ಲಿಯ ತೊಡಕೇನೆಂದರೆ ತ್ರಾಣವಿಲ್ಲದಿರುವದು, ಹಸಿವಿಲ್ಲದಿರುವದು ಶಸ್ತ್ರಕ್ರಿಯೆಯಾದ ದೇಹಕ್ಕೂ ಸಹಜವೇ. ರಕ್ತ ಕಡಿಮೆಯಾಗಿರಬಹುದು, ಥೈರಾಯ್ಡ್ ಗ್ರಂಥಿಯ ದೋಷವಿರಬಹುದು, ಹೃದಯದ ಬಡಿತವನ್ನು ನಿಧಾನಿಸಲು ಕೊಟ್ಟ ಗುಳಿಗೆಯಿಂದಲೇ ದಣಿವಾಗಬಹುದು. ಇವನ್ನೆಲ್ಲ ವೈದ್ಯರು ಪರೀಕ್ಷಿಸುವರು. ಮನೆಯವರು ನೋಡಬೇಕಾದದ್ದು ಮನಸ್ಸಿನ ರುಚಿಯನ್ನು. ದೇಹ ದಣಿದವನು ಹಾಸಿಗೆಯಲ್ಲಿದ್ದರೂ ಮಳೆ ಬಂತೆ ಎಂದು ಕೇಳುವನು. ವಿಷಾದ ಹಿಡಿದವನಿಗೆ ಮಳೆ ಬಂದರೂ ಅಷ್ಟೇ, ಹೋದರೂ ಅಷ್ಟೇ.

ನಮ್ಮ ಜನರು ‘ನನಗೆ ಖಿನ್ನತೆಯಾಗಿದೆ’ ಎಂದು ಎಂದಿಗೂ ಹೇಳಲಾರರು. ‘ಎದಿ ಭಾರ ಆಗ್ಯಾದ’, ‘ಕೈಕಾಲಾಗ ಜೀವ ಇಲ್ಲ’, ‘ಒಳಗ ಉರಿದಂಗ ಆಗ್ತದ’ ಎನ್ನುವರು. ಎದೆಯ ಆಪರೇಶನ್ ಆದವನು ಎದೆ ಭಾರವೆಂದರೆ ಮನೆಯವರು ಗಾಬರಿಯಾಗಿ ಜೀಪು ಮಾಡಿಕೊಂಡು ರಾಯಚೂರಿಗೆ ಓಡುವರು. ಅದು ಸರಿಯೇ, ಎದೆಯ ನೋವನ್ನು ಅಲಕ್ಷಿಸಬಾರದು. ಆದರೆ ಮೂರು ಸಲ ಓಡಿ, ಮೂರು ಸಲವೂ ಈ.ಸಿ.ಜಿ. ಸರಿಯಿದೆಯೆಂದು ಬಂದ ಮೇಲೆ, ‘ಎದೆ’ಯೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿರುವದನ್ನು ನೆನೆಯಬೇಕು. ಎದೆಗುಂದಿದನೆಂಬಲ್ಲಿ ನಾವು ಹೇಳುವದು ಮಾಂಸದ ಹೃದಯವನ್ನಲ್ಲ.

ನನ್ನ ಪರಿಚಯದ ಒಕ್ಕಲುತನದ ಹಿರಿಯರೊಬ್ಬರ ಸಂಗತಿಯನ್ನು, ಅವರ ಮನೆಯವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತೇನೆ. ಬೈಪಾಸ್ ಆಗಿ ಎರಡು ತಿಂಗಳಾಗಿದ್ದವು. ಗಾಯ ಮಾಯ್ದಿತ್ತು, ಡಾಕ್ಟರರು ನಡೆದಾಡಲು ಹೇಳಿದ್ದರು. ಅವರು ಮಾತ್ರ ಪಡಸಾಲೆಯಲ್ಲಿ ಗೋಡೆಯ ಕಡೆಗೆ ಮುಖಮಾಡಿ ಮಲಗಿರುತ್ತಿದ್ದರು. ಹತ್ತಿ ಬಿಡಿಸುವ ಕಾಲ. ಮನೆಯ ತುಂಬ ಅದೇ ಮಾತು. ಇವರು ಒಂದು ದಿನವೂ ಧಾರಣೆಯನ್ನು ಕೇಳಲಿಲ್ಲ. ಹೆಂಡತಿಗೆ ಇದು ಅಶಕ್ತತೆಯೆಂದು ತೋರಿ ಅಂಬಲಿ ಮಾಡಿ ಮಾಡಿ ಕುಡಿಸಿದರು. ಮಗನಿಗೆ ಇದು ಉಪಕಾರಸ್ಮರಣೆಯಿಲ್ಲದಿರುವಿಕೆಯೆಂದು ತೋರಿತು. ‘ಇಷ್ಟು ತ್ರಾಸ ತಗೊಂಡು ಉಳಿಸಿಕೊಂಡ್ವಿ, ಮಾರಿ ಮ್ಯಾಲೆ ಒಂದು ನಗಿ ಇಲ್ಲ ನೋಡ್ರಿ ಮಾಸ್ತರ್ರ’ ಎಂದು ನನ್ನ ಮುಂದೆ ಆಡಿದನು. ಹಾಸಿಗೆ ಝಾಡಿಸುವಾಗ ಸೊಸೆಗೆ ಗಾದಿಯ ಕೆಳಗೆ ಹನ್ನೆರಡು ದಿನದ ಗುಳಿಗೆಗಳು ಸಿಕ್ಕವು. ನುಂಗಿದೆನೆಂದು ಹೇಳಿ ಅಲ್ಲಿ ಇಡುತ್ತ ಬಂದಿದ್ದರು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಗಳೂ ಅವುಗಳಲ್ಲಿದ್ದವು. ವಿಷಾದವು ಪ್ರಾಣಕ್ಕೆ ಎರವಾಗುವ ಬಗೆಗಳಲ್ಲಿ ಇದೊಂದು. ಅದು ಮನುಷ್ಯನನ್ನು ನೇರವಾಗಿ ಹೊಡೆಯಬೇಕಾಗಿಲ್ಲ. ಗುಳಿಗೆ ಬಿಡಿಸುವದು, ನಡೆಯುವದನ್ನು ಬಿಡಿಸುವದು, ಬಿಟ್ಟ ಬೀಡಿಯನ್ನು ಮತ್ತೆ ಹಿಡಿಸುವದು.

ಸೊಸೆಯು ಜಾಣೆ. ರಂಪಮಾಡದೆ ಗಂಡನಿಗೆ ಹೇಳಿದಳು. ಅವರನ್ನು ರಾಯಚೂರಿಗೆ ಕರೆದೊಯ್ದು ಮಾನಸಿಕ ವೈದ್ಯರಿಗೆ ತೋರಿಸಿದರು. ಗುಳಿಗೆಯನ್ನೂ ಕೊಟ್ಟರು, ಮಾತನ್ನೂ ಆಡಿಸಿದರು. ಮೊದಲ ಮೂರು ವಾರ ಏನೂ ಗುಣ ಕಾಣಲಿಲ್ಲ, ಮನೆಯವರು ಬೇಸತ್ತರು. ಆರನೆಯ ವಾರದಲ್ಲಿ ಒಂದು ಮುಂಜಾನೆ, ಚಹದ ಬಟ್ಟಲನ್ನು ಕೆಳಗಿಡುತ್ತ, ‘ಹತ್ತಿ ಏನು ನಡದದೋ?’ ಎಂದು ಕೇಳಿದರಂತೆ. ಹೆಂಡತಿ ಅಡಿಗೆಯ ಮನೆಗೆ ಹೋಗಿ ಅತ್ತರಂತೆ.

ಗಂಡಸರ ಸಂಗತಿ ಹೀಗಾದರೆ ಹೆಣ್ಣುಮಕ್ಕಳದು ಇನ್ನೂ ಕಷ್ಟ. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವಿನ ಜ್ವರ ಬಂದು, ಅದಕ್ಕೆ ತಕ್ಕ ಔಷಧವಾಗದೆ ಹೃದಯದ ಕವಾಟಗಳು ಕೆಡುವ ರೋಗವು ಬಡವರ ಮನೆಗಳಲ್ಲಿ ಇನ್ನೂ ಇದೆ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಕವಾಟವನ್ನು ಬದಲಿಸಿಕೊಳ್ಳಬೇಕಾದ ಹೆಂಗಸರುಂಟು. ಲೋಹದ ಕವಾಟವು ಗಡಿಯಾರದಂತೆ ಟಿಕ್ ಟಿಕ್ ಎನ್ನುವದು. ಹಗಲಿನ ಗದ್ದಲದಲ್ಲಿ ಕೇಳಿಸದು. ರಾತ್ರಿ ದೀಪವಾರಿಸಿದ ಮೇಲೆ ತನ್ನ ಎದೆಯೊಳಗಿನ ಸಪ್ಪಳವನ್ನು ತಾನೇ ಕೇಳುತ್ತ ಮಲಗಿರುವವಳ ಚಿತ್ತವೃತ್ತಿಯನ್ನು ಊಹಿಸಿಕೊಳ್ಳಿರಿ. ಬಹುಮಂದಿಗೆ ಕೆಲವು ತಿಂಗಳಲ್ಲಿ ರೂಢಿಯಾಗುವದೆಂದು ಮೊದಲೇ ತಿಳಿಸಿದರೆ ಅರ್ಧ ಭಯವು ಕಳೆಯುವದು. ಅದಲ್ಲದೆ ರಕ್ತ ಹೆಪ್ಪುಗಟ್ಟದಿರುವ ಗುಳಿಗೆಯನ್ನು ಆಕೆ ಜೀವಮಾನವೆಲ್ಲ ನುಂಗಬೇಕು, ಮೇಲಿಂದ ಮೇಲೆ ರಕ್ತ ಪರೀಕ್ಷಿಸಬೇಕು. ಆ ಗುಳಿಗೆಯಿಂದ ಗರ್ಭಕ್ಕೆ ಅಪಾಯವಿರುವದರಿಂದ ವೈದ್ಯರನ್ನು ಕೇಳದೆ ಬಸಿರಾಗಬಾರದು. ಅತ್ತೆಮನೆಯಲ್ಲಿ ಇದು ಎಂಥ ಮಾತುಗಳಿಗೆ ಎಡೆಗೊಡುವದೋ ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. ಗಂಡಸು ಮಂಕಾಗಿ ಕುಳಿತರೆ ನಾಲ್ಕು ಜನ ಕೇಳುವರು. ಹೆಂಗಸು ಒಲೆಯ ಮುಂದೆ ಮಂಕಾಗಿ ಕುಳಿತರೆ ರೊಟ್ಟಿ ಬಡಿಯುತ್ತಿರುವಳೆಂದಷ್ಟೇ ತಿಳಿಯುವರು.

ಇನ್ನು ಮಾಡತಕ್ಕದ್ದೇನು? ಉಪಾಯವಿಲ್ಲದ ರೋಗವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅಮೇರಿಕೆಯ ಪಿಟ್ಸ್‌ಬರ್ಗ್ ನಗರದ ವೈದ್ಯರು, ಬೈಪಾಸ್ ನಂತರ ಖಿನ್ನರಾಗಿದ್ದ ೩೦೨ ಜನರಲ್ಲಿ ಅರ್ಧದಷ್ಟು ಮಂದಿಗೆ ದಾದಿಯರು ಮನೆಗೆ ಟೆಲಿಫೋನು ಮಾಡಿ ಮಾತಾಡಿಸುವ ಏರ್ಪಾಡನ್ನು ಮಾಡಿದರು. ದಾದಿಯು ಫೋನಿನಲ್ಲಿ ಯೋಗಕ್ಷೇಮ ಕೇಳುವಳು, ರೋಗವನ್ನು ತಿಳಿಸಿ ಹೇಳುವಳು, ಗುಳಿಗೆ ಬೇಕಾದವರ ವಿಷಯವನ್ನು ಡಾಕ್ಟರರಿಗೆ ಮುಟ್ಟಿಸುವಳು. ೨೦೦೯ರಲ್ಲಿ ಪ್ರಕಟವಾದ ಅದರ ಫಲವೇನೆಂದರೆ, ಎಂಟು ತಿಂಗಳಾಗುವಷ್ಟರಲ್ಲಿ ಹೀಗೆ ವಿಚಾರಿಸಲ್ಪಟ್ಟವರಲ್ಲಿ ನೂರಕ್ಕೆ ೫೦ ಜನರ ಲಕ್ಷಣಗಳು ಅರ್ಧಕ್ಕೂ ಇಳಿದವು. ಉಳಿದವರಲ್ಲಿ ಸುಮಾರು ೩೦ ಜನರವು ಮಾತ್ರ. ಅದೇ ವರ್ಷ ಸೇಂಟ್ ಲೂಯಿಸಿನವರು ೧೨೩ ರೋಗಿಗಳ ಮೇಲೆ, ವಿಚಾರದ ಧಾಟಿಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನು ಪರೀಕ್ಷಿಸಿದರು. ಮೂರು ತಿಂಗಳಲ್ಲಿ ಆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೭೧ ಜನರು ಖಿನ್ನತೆಯಿಂದ ಪಾರಾದರು. ವಾಡಿಕೆಯ ಔಷಧೋಪಚಾರದಲ್ಲಿಯೇ ಇದ್ದವರಲ್ಲಿ ೩೩ ಜನರು. ಇದನ್ನೋದಿದ ಯಾವ ಗೃಹಸ್ಥನೂ ‘ಬರೀ ಮಾತಿನಿಂದೇನಾದೀತು’ ಎನ್ನಲಾರನು. ಆದರೆ ಆ ಮಾತು ಉಪದೇಶವಲ್ಲ, ಕೇಳುವಿಕೆಯು; ಮತ್ತು ಅದನ್ನು ಆಡುವವರು ಕಲಿತವರಾಗಿರಬೇಕು.

ಕಲಿತವರು ನಮ್ಮ ಸೀಮೆಯಲ್ಲಿ ಎಲ್ಲಿ ಎಂದು ಕೇಳಬಹುದು. ಉತ್ತರ ಕರ್ನಾಟಕದಲ್ಲಿ ಮನಸ್ಸಿನ ದವಾಖಾನೆಯೆಂದರೆ ಧಾರವಾಡವೇ ಎಂಬ ಕಾಲವೊಂದಿತ್ತು. ‘ಅವನನ್ನು ಧಾರವಾಡಕ್ಕೆ ಕಳಸ್ರಿ’ ಎಂಬದು ಬೈಗಳಾಗಿಯೇ ಬಳಕೆಯಲ್ಲಿದೆ. ಈ ಬೈಗಳು ಎಷ್ಟು ಜನರ ಚಿಕಿತ್ಸೆಯನ್ನು ತಪ್ಪಿಸಿದೆಯೋ ದೇವರೇ ಬಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು, ಹಳ್ಳಿಯ ಆರೋಗ್ಯಕೇಂದ್ರದ ಡಾಕ್ಟರರಿಗೇ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ತಂದರು. ಆ ಬಳ್ಳಾರಿಯ ಮಾದರಿಯನ್ನೇ ಹಿಡಿದು ೧೯೯೬ರಿಂದ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಡೆಯಿಸಿತು. ಬೇರೆಯವರು ಅನುಕರಿಸಿದ ವಸ್ತುವು ನಮ್ಮ ಮಗ್ಗುಲಲ್ಲಿಯೇ ಹುಟ್ಟಿದ್ದೆಂಬದು ನಮ್ಮವರಿಗೆ ತಿಳಿದಂತಿಲ್ಲ! ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಯಾವ ವಾರ ಸಿಗುವರೆಂದು ವಿಚಾರಿಸಬೇಕು; ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗಬಹುದು. ಹೋಗಲಾಗದವರಿಗೆ ೨೦೨೨ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರಕಾರದ ದೂರವಾಣಿಯುಂಟು. ಅದರ ಸಂಖ್ಯೆ ೧೪೪೧೬. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಔಷಧದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಮಾನಸಿಕ ವೈದ್ಯರ ಮುಂದೆ ಹೃದಯದ ಗುಳಿಗೆಗಳ ಚೀಟಿಯನ್ನು ತಪ್ಪದೆ ಇಡಬೇಕು. ಖಿನ್ನತೆಯ ಹಳೆಯ ಕೆಲವು ಔಷಧಗಳು ಹೃದಯಕ್ಕೆ ಹಿತವಲ್ಲ; ಹೊಸವುಗಳಲ್ಲಿ ಕೆಲವು, ರಕ್ತ ಹೆಪ್ಪುಗಟ್ಟದಿರುವ ಗುಳಿಗೆಯೊಡನೆ ಕೂಡಿದರೆ ರಕ್ತಸ್ರಾವದ ಸಂಭವವನ್ನು ಹೆಚ್ಚಿಸುವವು. ತಕ್ಕದ್ದನ್ನು ಆರಿಸುವದು ಅವರ ಕೆಲಸ, ಮುಚ್ಚಿಡದಿರುವದು ನಮ್ಮ ಕೆಲಸ. ಎರಡನೆಯದು, ಈ ಔಷಧಗಳು ಗುಣ ತೋರಲು ಕೆಲವು ವಾರಗಳು ಬೇಕು. ಗುಣವಾದೊಡನೆ ತಾವೇ ನಿಲ್ಲಿಸಲೂ ಬಾರದು.

ಇನ್ನೊಂದು ಮಾತನ್ನು ಬರೆಯಲು ಮನಸ್ಸು ಹಿಂಜರಿಯುವದು. ಆದರೂ ಬರೆಯದೆ ಬಿಡಲಾಗದು. ರೋಗಿಯು ‘ಇದ್ದು ಏನು ಮಾಡೋದದ’ ಎಂದರೆ ನಕ್ಕು ತಳ್ಳಿಹಾಕಬಾರದು. ಸಾಯುವ ವಿಚಾರ ಬರುತ್ತಿದೆಯೇ ಎಂದು ಶಾಂತವಾಗಿ, ನೇರವಾಗಿ ಕೇಳಬಹುದು. ಕೇಳುವದರಿಂದ ಆ ವಿಚಾರವು ಹುಟ್ಟುವದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರನ್ನು ಕಾಣಬೇಕು. ನಮ್ಮ ಹತ್ತಿಯ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳು ಪಡಸಾಲೆಯ ಮೂಲೆಯಲ್ಲಿಯೇ ಇರುವವು. ಮನೆಯಲ್ಲಿ ಇಂಥ ರೋಗಿಯಿದ್ದಾಗಲಂತೂ ಅವು ಮನೆಯಲ್ಲಿ ಇರಲೇಬಾರದು. ಬೇರೆ ಕಡೆ ಕೀಲಿ ಹಾಕಿ, ಕೀಲಿಕೈಯನ್ನು ಬೇರೊಬ್ಬರ ಹತ್ತಿರ ಇಡಬೇಕು.

ಹೃದಯದ ಡಾಕ್ಟರರ ಮುಂದೆ ರೋಗಿಗೆ ಸಿಗುವ ಹೊತ್ತು ಬಹಳ ಸ್ವಲ್ಪ. ಅವರು ಗಾಯ ನೋಡುವರು, ಬಿ.ಪಿ. ನೋಡುವರು, ‘ಹೇಗಿದ್ದೀರಿ?’ ಎನ್ನುವರು, ಆರು ತಾಸು ಬಸ್ಸಿನಲ್ಲಿ ಕುಳಿತು ಬಂದ ನಮ್ಮವನು ಕೈಮುಗಿದು ‘ಆರಾಮ ಅದೀನ್ರಿ ಸಾಹೇಬ್ರ’ ಎನ್ನುವನು. ಆದುದರಿಂದ ಮುಂದಿನ ತಪಾಸಣೆಗೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಅಕ್ಷರ ಬಲ್ಲವರೊಬ್ಬರು ಒಂದು ಚೀಟಿಯನ್ನು ಬರೆಯಬೇಕು: ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಮನಸ್ಸು ಕುಗ್ಗಿತ್ತು, ಎಷ್ಟು ದಿನ ಯಾವದರಲ್ಲಿಯೂ ಆಸ್ಥೆಯಿರಲಿಲ್ಲ, ಎಷ್ಟು ರಾತ್ರಿ ನಿದ್ದೆಯಿಲ್ಲ, ಊಟ ಎಷ್ಟು, ಎಷ್ಟು ಗುಳಿಗೆ ತಪ್ಪಿತು. ಐದೇ ಸಾಲು ಸಾಕು. ನಮ್ಮವನು ‘ಆರಾಮ’ ಎಂದು ಮುಗಿಸುವಷ್ಟರಲ್ಲಿ ಅದನ್ನು ಡಾಕ್ಟರರ ಮೇಜಿನ ಮೇಲೆ ಇಟ್ಟುಬಿಡಿರಿ.